ರೀಲಿಗೆ ದಾರ ಸುತ್ತಿದ್ದು

(ಬಾನುಲಿ ಭಾಷಣ)

ಮೀನು ಹಿಡಿಯುವ ವಿಚಾರ ಮಾತನಾಡುತ್ತೇನೆಂದರೆ ಕೇಳುಗರಲ್ಲಿ ಅರ್ಧದಷ್ಟು ಮಂದಿ ರೇಡಿಯೋದ ಕಿವಿ ತಿರುವಿ ಬೇರೆ ಕೇಂದ್ರಕ್ಕೆ ಹೋಗುವುದು ಖಂಡಿತ. ಉಳಿದವರು ಎಂಥ ಮೀನು, ಎಷ್ಟು ತೂಕ, ಹುಳಿಗೆ ಏನು ಹಾಕಿದಿರಿ ಎಂದು ಕೇಳಲು ಕಾದು ಕುಳಿತಾರು. ಇಬ್ಬರಿಗೂ ಮೊದಲೇ ಹೇಳಿಬಿಡುವುದು ಒಳ್ಳೆಯದು: ಈ ಭಾಷಣದಲ್ಲಿ ಕೊನೆಯವರೆಗೂ ಮೀನು ಸಿಕ್ಕುವುದಿಲ್ಲ. ಗಾಳವನ್ನು ನೀರಿಗೆ ಹಾಕುವ ಮುಂಚಿನ ಕೆಲಸವೊಂದಿದೆ. ಗಾಳದ ದಾರವನ್ನು ರೀಲಿಗೆ ಸುತ್ತಿಕೊಳ್ಳುವುದು. ಬಲ್ಲವರಿಗೆ ಹದಿನೈದು ನಿಮಿಷದ ಕೆಲಸ. ನಮಗೆ, ಎಂದರೆ ನನಗೂ ನನ್ನ ಮಗಳ ಮಗನಿಗೂ, ಅದಕ್ಕೆ ಮೂರು ದಿನ ಹಿಡಿಯಿತು. ಆ ಮೂರು ದಿನದ ಕತೆಯನ್ನೇ ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ನಾನು ಹುಟ್ಟಿದ್ದು ಶರಾವತಿಯ ದಂಡೆಯಲ್ಲಿ. ಈಗ ಆ ದಂಡೆಯೂ ಇಲ್ಲ, ಊರೂ ಇಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಆ ಹೊಳೆ ಹೊಸನಗರದ ಸೀಮೆಯನ್ನು ಹಾದು ಸಾಗರದ ಕಡೆಗೆ ಬಂದು ಜೋಗದಲ್ಲಿ ಧುಮುಕುತ್ತದೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ನನ್ನ ಬಾಳೂ ಹೆಚ್ಚು ಕಡಿಮೆ ಈ ಮೂರು ತಾಲ್ಲೂಕುಗಳ ಒಳಗೇ ಸುತ್ತಿದೆ, ಹೊಳೆಗೆ ವಿರುದ್ಧವಾಗಿ. ಸಾಗರ ತಾಲ್ಲೂಕಿನ ನಮ್ಮ ಊರು ಮುಳುಗಿದಾಗ ಹೊಸನಗರದ ಕಡೆಯ ಕಾಡು ಕಡಿದ ಜಾಗಕ್ಕೆ ಬಂದೆವು. ಮುಂದೆ ತೀರ್ಥಹಳ್ಳಿಯಲ್ಲಿ ಮೇಷ್ಟರಾಗಿ ಮೂವತ್ತು ವರ್ಷ ಕಳೆದೆ. ನಿವೃತ್ತನಾದ ಮೇಲೆ ಮತ್ತೆ ಸಾಗರಕ್ಕೆ ಬಂದು ನೆಲೆಸಿದೆ.

ನಮ್ಮ ಅಪ್ಪಯ್ಯನಿಗೆ ಗಾಳದ ಹುಚ್ಚು. ಮಲೆನಾಡಿನಲ್ಲಿ ಮೀನು ತಿನ್ನುವವರೆಲ್ಲ ಮೀನು ಹಿಡಿಯುವವರೇ. ಮೊದಲ ಮಳೆಗೆ ಹಳ್ಳ ಏರಿ ಗದ್ದೆಗೆ ನುಗ್ಗುವ ಹತ್ತುಮೀನಿಗೆ ಕೂಳಿ ಒಡ್ಡುವುದು ಊರಿಗೆ ಊರೇ ಮಾಡುತ್ತಿದ್ದ ಕೆಲಸ. ಮೊಟ್ಟೆಯಿಡಲು ಹೊರಟ ಮೀನನ್ನು ಹಾದಿಯಲ್ಲೇ ಹಿಡಿಯುವುದು ತಪ್ಪೆಂದು ಈಗ ತಿಳಿದವರು ಹೇಳುತ್ತಾರೆ; ಆಗ ಅದನ್ನು ಯೋಚಿಸಿದವರು ಯಾರು? ಆದರೆ ಗಾಳ ಎಲ್ಲರ ಕೆಲಸವಲ್ಲ. ಅದಕ್ಕೆ ಬೇಕಾದ ಸೋಮಾರಿತನ ಎಲ್ಲರಿಗೂ ಒಲಿಯುವುದಿಲ್ಲ. ಕುಪ್ಪಳಿಯ ಮನೆತನದ ಪೂರ್ಣಚಂದ್ರ ತೇಜಸ್ವಿಯವರು ಗಾಳ ಹಿಡಿದು ಹೊಳೆಯ ಬದಿಯಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದರೆಂಬುದನ್ನು ಓದಿದಾಗಲೆಲ್ಲ ನನಗೆ ಅಪ್ಪಯ್ಯನ ಬೆನ್ನು ನೆನಪಾಗುತ್ತದೆ. ಹೌದು, ಬೆನ್ನು. ಗಾಳ ಹಾಕುವವನ ಮಕ್ಕಳು ಕಾಣುವುದು ಅಪ್ಪನ ಬೆನ್ನನ್ನೇ.

ಅವನ ಕೋಲು ವಾಟೆಯದು. ದಾರವನ್ನು ತಾನೇ ಹೊಸೆಯುತ್ತಿದ್ದ. ಹತ್ತಿಯ ನೂಲಿನ ಮೂರೆಳೆಯನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಉಜ್ಜಿ ಹುರಿ ಮಾಡಿ, ಅಡಕೆ ಬೇಯಿಸಿದ ಚೊಗರಿನಲ್ಲಿ ಅದ್ದಿ ನೆರಳಲ್ಲಿ ಒಣಗಿಸುತ್ತಿದ್ದ. ಚೊಗರು ಕುಡಿದ ದಾರ ಬೇಗ ಕೊಳೆಯುವುದಿಲ್ಲ; ಕರಾವಳಿಯ ಬೆಸ್ತರು ಹತ್ತಿಯ ಬಲೆಯ ಕಾಲದಲ್ಲಿ ಮರದ ತೊಗಟೆಯ ಕಷಾಯದಲ್ಲಿ ಬಲೆ ಅದ್ದುತ್ತಿದ್ದುದೂ ಇದೇ ಕಾರಣಕ್ಕೆ. ಒಣಗಿದ ದಾರ ಕೆಂಪು ಮಣ್ಣಿನ ಬಣ್ಣಕ್ಕೆ ಬರುತ್ತಿತ್ತು. ಅದನ್ನು ಬಿದಿರಿನ ಗಣ್ಣಿನ ಮೇಲೆ ಸುತ್ತಿ ಮಾಡಿಗೆ ಸಿಕ್ಕಿಸಿಡುವನು. ಒಂದು ವಿಚಿತ್ರವನ್ನು ನಾನು ಆಗಲೇ ಗಮನಿಸಿದ್ದೆ. ಇಡೀ ದಾರ ಮೂರೆಳೆಯದಾದರೂ ಗಾಳ ಕಟ್ಟುವ ಕೊನೆಯ ಒಂದು ಮೊಳ ಮಾತ್ರ ಒಂಟಿ ಎಳೆ. ಇದೇಕೆ ಹೀಗೆಂದು ಕೇಳಿದ್ದಕ್ಕೆ, ‘ಅದು ಹಂಗೇ’ ಎಂದಿದ್ದ. ಅಪ್ಪಂದಿರು ಕೊಡುವ ಉತ್ತರಗಳಲ್ಲಿ ಮುಕ್ಕಾಲು ಪಾಲು ಇದೇ ಅಲ್ಲವೆ?

ಇಲ್ಲಿ ಭಾಷೆಯ ಮೇಷ್ಟರ ಚಾಳಿಯಿಂದ ಒಂದು ಮಾತು. ಕನ್ನಡದಲ್ಲಿ ‘ಹೊಸೆ’ ಎಂಬುದೇ ಬೇರೆ, ‘ಹೆಣೆ’ ಎಂಬುದೇ ಬೇರೆ. ಬತ್ತಿಯನ್ನು ಹೊಸೆಯುತ್ತೇವೆ, ಹಗ್ಗವನ್ನು ಹೊಸೆಯುತ್ತೇವೆ. ಜಡೆಯನ್ನು ಹೆಣೆಯುತ್ತೇವೆ, ಚಾಪೆ ಬುಟ್ಟಿಗಳನ್ನು ಹೆಣೆಯುತ್ತೇವೆ. ಹೊಸೆದ ದಾರದ ಎಳೆಗಳೆಲ್ಲ ಒಂದೇ ಕಡೆಗೆ ತಿರುಚಿಕೊಂಡಿರುತ್ತವೆ. ಆದ್ದರಿಂದ ಬಿಟ್ಟರೆ ಸಾಕು, ಬಿಚ್ಚಿಕೊಳ್ಳಲು ಹವಣಿಸುತ್ತದೆ; ಭಾರ ಕಟ್ಟಿ ಇಳಿಬಿಟ್ಟರೆ ಬುಗುರಿಯಂತೆ ತಿರುಗುತ್ತದೆ. ಹೆಣೆದ ದಾರದಲ್ಲಿ ಎಡಕ್ಕೆ ಹೋಗುವ ಎಳೆಗಳೆಷ್ಟೋ ಬಲಕ್ಕೆ ಹೋಗುವವೂ ಅಷ್ಟೇ. ಒಂದರ ತಿರುಚನ್ನು ಇನ್ನೊಂದು ತಡೆಯುತ್ತದೆ. ಅದಕ್ಕೆ ತಿರುಗುವ ಆಸೆಯಿಲ್ಲ. ಈಗ ಗಾಳಗಾರರು ಹೊಗಳುವ ‘ಬ್ರೇಡ್’ ಎಂಬುದು ಹೀಗೆ ನಾಲ್ಕೋ ಎಂಟೋ ಎಳೆ ಹೆಣೆದ ದಾರ. ಸೂಜಿಯ ಕಣ್ಣಿನಲ್ಲಿ ಹೋಗುವಂಥ ಸಣ್ಣ ಜಡೆ.

ಹೆಣೆದ ದಾರವೇನೂ ಹೊಸದಲ್ಲ. 1653ರಲ್ಲಿ ‘ದಿ ಕಂಪ್ಲೀಟ್ ಆಂಗ್ಲರ್’ ಬರೆದ ಐಸಾಕ್ ವಾಲ್ಟನ್ನನ ಕಾಲಕ್ಕೆ ಕುದುರೆಯ ಬಾಲದ ಕೂದಲನ್ನು ಹೊಸೆದು ದಾರ ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನಕ್ಕೆ ರೇಷ್ಮೆಯ ಹೆಣೆದ ದಾರ ಬಂತು. ನಮ್ಮ ಘಟ್ಟದ ಕೆಳಗೆ ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಹೆಚ್. ಎಸ್. ಥಾಮಸ್ ಎಂಬಾತ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವನ್ನೇ ಬರೆದ. ಜಿಲ್ಲೆಯನ್ನಾಳುವ ಕೆಲಸದ ನಡುವೆ ಮಹಶೀರ್ ಮೀನಿನ ಹಿಂದೆ ಬಿದ್ದವನು. ಆ ರೇಷ್ಮೆಯ ದಾರವನ್ನು ಪ್ರತಿದಿನ ರೀಲಿನಿಂದ ಬಿಚ್ಚಿ ಒಣಗಿಸಿ ಮತ್ತೆ ಸುತ್ತಬೇಕಾಗಿತ್ತು, ಇಲ್ಲವಾದರೆ ಕೊಳೆತುಹೋಗುತ್ತಿತ್ತು. ಕಲೆಕ್ಟರಿಗೆ ಆಳುಗಳಿದ್ದರು, ಆಗುತ್ತಿತ್ತು. ಆಮೇಲೆ 1935ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ವಾಲೆಸ್ ಕರಾದರ್ಸ್ ನೈಲಾನನ್ನು ಕಂಡುಹಿಡಿದ ಮೇಲೆ ರೇಷ್ಮೆಯೂ ಹೋಯಿತು, ಹತ್ತಿಯೂ ಹೋಯಿತು. ನಮ್ಮ ಕಡೆ ತಂಗೂಸಿ ಎಂದು ಕರೆಯುವ, ಗಾಜಿನಂತೆ ಹೊಳೆಯುವ ಒಂಟಿ ಎಳೆಯ ದಾರ ಅದೇ. ಅಪ್ಪಯ್ಯ ಅದನ್ನು ಕಂಡಿದ್ದ. ಬಳಸುವ ಪ್ರಸಂಗ ಅವನಿಗೆ ಬರಲಿಲ್ಲ.

ಏಕೆ ಬರಲಿಲ್ಲವೆಂದು ಹೇಳಬೇಕಾದರೆ ಮುಳುಗಡೆಯ ಮಾತೆತ್ತಬೇಕು. ನಾ. ಡಿಸೋಜರ ‘ಮುಳುಗಡೆ’, ‘ದ್ವೀಪ’ಗಳನ್ನು ಓದಿದವರಿಗೆ ನಾನು ಹೊಸದಾಗಿ ಏನನ್ನೂ ಹೇಳಲಾರೆ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು 1948ರಲ್ಲಿ ಮುಗಿದಾಗ ಒಂದಷ್ಟು ಊರುಗಳು ನೀರಿಗೆ ಹೋಗಿದ್ದವು. 1964ರಲ್ಲಿ ಲಿಂಗನಮಕ್ಕಿ ಎದ್ದಾಗ ಆ ಅಣೆಕಟ್ಟೇ ಮುಳುಗಿತು. ಈಗಲೂ ಕಡುಬೇಸಿಗೆಯಲ್ಲಿ ನೀರು ಇಳಿದರೆ ಅದು ಮೇಲೆದ್ದು ಕಾಣುತ್ತದೆ. ಜನ ಫೋಟೋ ತೆಗೆಯಲು ಹೋಗುತ್ತಾರೆ. ಲಿಂಗನಮಕ್ಕಿಯ ನೀರಿನ ಪೂರ್ಣ ಮಟ್ಟ ಸಮುದ್ರಕ್ಕಿಂತ 1819 ಅಡಿ ಎತ್ತರ. ಆ ಸಂಖ್ಯೆಯನ್ನು ನಮ್ಮ ಮನೆಯಲ್ಲಿ ಮಗ್ಗಿಯಂತೆ ಬಾಯಿಪಾಠ ಮಾಡಿದ್ದರು. ನಮ್ಮ ಮನೆಯಿದ್ದ ಜಾಗ ಅದಕ್ಕಿಂತ ಬಹಳ ಕೆಳಗೆ. ಲಾರಿಯಲ್ಲಿ ಮರದ ಕಂಬ, ಹಂಚು, ಒರಳು, ದನ, ಅಜ್ಜಿ, ಎಲ್ಲವನ್ನೂ ಒಟ್ಟಿಗೇ ತುಂಬಿ ಹೊರಟ ದಿನ ನನಗೆ ಹತ್ತು ವರ್ಷ. ಅಪ್ಪಯ್ಯ ಗಾಳದ ಕೋಲನ್ನು ತಂದಿರಲಿಲ್ಲ. ದಾರ ಸುತ್ತಿದ ಬಿದಿರಿನ ಗಣ್ಣು ಮಾತ್ರ ಅವನ ಅಂಗಿಯ ಜೇಬಿನಲ್ಲಿತ್ತು.

ಹಿನ್ನೀರು ತುಂಬಿದ ಕೆಲವು ವರ್ಷಕ್ಕೆ ಅದರಲ್ಲಿ ಮೀನು ಹೇರಳವಾಗಿದೆಯೆಂಬ ಸುದ್ದಿ ನಮ್ಮ ಹೊಸ ಊರಿಗೂ ಬಂತು. ನಮ್ಮ ಸೋದರಮಾವ ಒಂದು ಸಂಜೆ ಬಂದು, ‘ಬಾವ, ನಾಳೆ ಹೋಪ, ಕೋಲು ನಾ ತತ್ತೆ’ ಎಂದು ಕರೆದ. ಅಪ್ಪಯ್ಯ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ, ‘ನಮ್ಮ ಮನೆ ಮಾಡಿನ ಮೇಲೆ ಕೂತ್ಕಂಡು ಗಾಳ ಹಾಕದಾ? ಬ್ಯಾಡ ಮಾರಾಯ’ ಎಂದ. ಅಷ್ಟೇ. 1991ರಲ್ಲಿ ಅವನು ತೀರಿಕೊಳ್ಳುವವರೆಗೂ ಮತ್ತೆ ಗಾಳ ಹಿಡಿಯಲಿಲ್ಲ. ನನಗೂ ಹಿಡಿಯಬೇಕೆಂದು ಅನ್ನಿಸಲಿಲ್ಲ. ತೀರ್ಥಹಳ್ಳಿಯಲ್ಲಿದ್ದಾಗ ಮಕ್ಕಳನ್ನು ಕರೆದುಕೊಂಡು ಚಿಬ್ಬಲಗುಡ್ಡೆಗೆ ಹೋಗುತ್ತಿದ್ದೆ. ಅಲ್ಲಿ ತುಂಗೆಯ ಮೀನುಗಳು ದೇವರ ಮೀನುಗಳು. ಗಾಳವೂ ಇಲ್ಲ, ಬಲೆಯೂ ಇಲ್ಲ. ಮಂಡಕ್ಕಿ ಎಸೆದರೆ ಮೊಳಕ್ಕಿಂತ ಉದ್ದದ ಮೀನುಗಳು ಮೈಮೇಲೆ ಮೈ ಹೇರಿಕೊಂಡು ಬರುತ್ತವೆ. ಮನೆಗೆ ಬಂದು ಮೀನು ಸಾರು ಉಣ್ಣಲು ಅದರಿಂದೇನೂ ತೊಂದರೆಯಾಗುತ್ತಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

2025ರ ಮೇ ತಿಂಗಳ ಮೊದಲ ವಾರ. ಬೆಂಗಳೂರಿನಿಂದ ಮೊಮ್ಮಗ ಬಂದ, ಕಾಲೇಜಿನ ಹುಡುಗ. ಬ್ಯಾಗಿನಿಂದ ಬಟ್ಟೆಗಿಂತ ಮೊದಲು ಹೊರಗೆ ಬಂದದ್ದು ಒಂದು ಮಡಿಸುವ ಕೋಲು, ಒಂದು ರೀಲು, ಮತ್ತು ಪ್ಲಾಸ್ಟಿಕ್ ಸುರುಳಿಗೆ ಸುತ್ತಿದ 150 ಗಜ ಬಣ್ಣಬಣ್ಣದ ದಾರ. ಹತ್ತು ಮೀಟರಿಗೊಂದು ಬಣ್ಣ: ನೀಲಿ, ಹಳದಿ, ಹಸಿರು, ಕೆಂಪು. ದಾರ ಎಷ್ಟು ದೂರ ಹೋಯಿತೆಂದು ಬಣ್ಣ ಎಣಿಸಿ ತಿಳಿಯಬಹುದಂತೆ. ‘ಅಜ್ಜ, ನಾಳೆ ಹಿನ್ನೀರಿಗೆ ಹೋಗೋಣ’ ಎಂದ. ಅಪ್ಪಯ್ಯನ ಮಾತನ್ನು ನಾನು ಅವನಿಗೆ ಹೇಳಿರಲಿಲ್ಲ. ಆಗಲೂ ಹೇಳಲಿಲ್ಲ. ಅರವತ್ತು ವರ್ಷ ಕಳೆದ ಮೇಲೂ ಒಬ್ಬನ ಹಟವನ್ನು ಮೂರನೆಯ ತಲೆಮಾರಿಗೆ ದಾಟಿಸಬೇಕೇ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿಯೇ ಹುಡುಗ ರೀಲಿಗೆ ದಾರ ಸುತ್ತಿದ. ದಾರದ ತುದಿಯನ್ನು ರೀಲಿನ ಉರುಳೆಗೆ ಗಂಟು ಹಾಕಿ ಹಿಡಿಯನ್ನು ಗರಗರ ತಿರುಗಿಸಿದ. ಐದು ನಿಮಿಷದಲ್ಲಿ ತುಂಬಿತು. ನೋಡಲು ಚೆಂದವಾಗಿಯೇ ಇತ್ತು. ಬೆಳಿಗ್ಗೆ ಅಂಗಳದಲ್ಲಿ ಪರೀಕ್ಷೆಗೆಂದು ದಾರದ ತುದಿಯನ್ನು ತೆಂಗಿನ ಮರಕ್ಕೆ ಕಟ್ಟಿ ಎಳೆದ. ರೀಲಿನ ಹಿಡಿ ತಿರುಗುತ್ತದೆ, ದಾರ ಮಾತ್ರ ಬರುವುದಿಲ್ಲ! ಸುತ್ತಿದ ದಾರದ ಇಡೀ ಮುದ್ದೆಯೇ ಉರುಳೆಯ ಮೇಲೆ ಬಳೆಯಂತೆ ಜಾರಿ ಗಿರ್ರನೆ ತಿರುಗುತ್ತಿತ್ತು. ಹುಡುಗ ರೀಲು ಕೆಟ್ಟಿದೆಯೆಂದು ಅಂಗಡಿಯವನನ್ನು ಬೈಯಲು ಫೋನು ತೆಗೆದ. ಗಂಟು ಭದ್ರವಾಗಿ ಬಿಗಿದು ಮತ್ತೆ ಸುತ್ತಿದ್ದಾಯಿತು. ಈ ಸಲ ಎಳೆದಾಗ ಇನ್ನೊಂದು ವಿಪತ್ತು. ಮೇಲಿನ ಸುತ್ತುಗಳು ಕೆಳಗಿನ ಸಡಿಲ ಸುತ್ತುಗಳ ನಡುವೆ ಚಾಕುವಿನಂತೆ ಇಳಿದು ಹೂತುಹೋದವು. ಬಿಡಿಸಲು ಹೋದರೆ ಹಕ್ಕಿಯ ಗೂಡು. ಆ ಗೂಡನ್ನು ಬಿಡಿಸುವುದರಲ್ಲಿ ಎರಡನೆಯ ದಿನ ಮುಗಿಯಿತು. ನನ್ನ ಕನ್ನಡಕ, ಅವಳ ಅಜ್ಜಿಯ ಕಸೂತಿ ಸೂಜಿ ಎಂದು ಮಗಳು ಜೋಪಾನ ಮಾಡಿಟ್ಟದ್ದು, ಕೊನೆಗೆ ಅಕ್ಕಿ ಆರಿಸುವ ಮೊರ, ಎಲ್ಲವೂ ಕೆಲಸಕ್ಕೆ ಬಂದವು.

ನಮ್ಮ ಈ ಸಂಕಟವನ್ನು ಬೇಲಿಯ ಆಚೆಯಿಂದ ನೋಡುತ್ತಿದ್ದವಳು ನೆರೆಮನೆಯ ಹೆಣ್ಣುಮಗಳು. ಹೆಗ್ಗೋಡಿನ ಬಳಿ ಭೀಮನಕೋಣೆಯ ‘ಚರಕ’ದ ಹೆಸರು ನೀವು ಕೇಳಿಯೇ ಇರುತ್ತೀರಿ, ಹೆಂಗಸರು ಕೈಮಗ್ಗ ನಡೆಸಿ, ಅಡಕೆಯ ಚೊಗರಿನಿಂದಲೂ ನೂಲಿಗೆ ಬಣ್ಣ ಹಾಕುವ ಸಹಕಾರಿ ಸಂಘ. ಈಕೆ ಮಗ್ಗದ ಕೆಲಸ ಬಲ್ಲವಳು. ಒಳಗೆ ಬಂದು ರೀಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದೆಂತ ಮೇಷ್ಟ್ರೇ, ನಮ್ಮ ಕಂಡಿಕೆಯೇ ಅಲ್ಲವಾ?’ ಎಂದಳು.

ಆಕೆಯ ಮಾತು ಆಕೆಗೇ ತಿಳಿಯದಷ್ಟು ನಿಜ. ಹಳೆಯ ರೀಲಿನಲ್ಲಿ ಉರುಳೆಯೇ ತಿರುಗಿ ದಾರವನ್ನು ಸುತ್ತಿಕೊಳ್ಳುತ್ತಿತ್ತು, ಬಾವಿಯ ರಾಟೆಯಂತೆ. ಈಗಿನ ರೀಲಿನಲ್ಲಿ ಉರುಳೆ ನಿಂತೇ ಇರುತ್ತದೆ. ಒಂದು ಕಂಬಿ ಅದರ ಸುತ್ತ ಪ್ರದಕ್ಷಿಣೆ ಬಂದು ದಾರ ಸುತ್ತುತ್ತದೆ. ಎಸೆಯುವಾಗ ಕಂಬಿಯನ್ನು ಎತ್ತಿದರೆ ಉರುಳೆಯ ತಲೆಯಿಂದ ದಾರ ಸುರುಳಿ ಸುರುಳಿಯಾಗಿ ಹಾರಿಹೋಗುತ್ತದೆ. ಈ ಬಗೆಯ ರೀಲಿಗೆ 1905ರಲ್ಲಿ ಪೇಟೆಂಟು ಪಡೆದವನು ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಆಲ್ಫ್ರೆಡ್ ಹೋಲ್ಡನ್ ಇಲಿಂಗ್‌ವರ್ತ್, ನೂಲಿನ ಗಿರಣಿಯವನು. ಗಿರಣಿಯ ಕಂಡಿಕೆಯಿಂದ ನೂಲು ತಲೆಯ ಕಡೆಯಿಂದ ಸಲೀಸಾಗಿ ಬಿಚ್ಚಿಕೊಳ್ಳುವುದನ್ನು ದಿನವೂ ನೋಡುತ್ತಿದ್ದವನಿಗೆ ಮೀನಿನ ರೀಲಿಗೂ ಅದು ಒಗ್ಗಬಹುದೆಂದು ಹೊಳೆದದ್ದು ಸಹಜ. ಹಾಗಾದರೆ ನೇಕಾರರ ಮನೆಯ ವಿದ್ಯೆಯನ್ನು ಮೀನುಗಾರರು ಕಡ ತಂದು ನೂರಿಪ್ಪತ್ತು ವರ್ಷವಾಯಿತು. ನಮ್ಮಂಥವರು ಮತ್ತೆ ನೇಕಾರರ ಮನೆಯ ಬಾಗಿಲಿಗೇ ಹೋಗಬೇಕಾಯಿತು.

ಆಕೆ ಕಲಿಸಿದ್ದು ಬಹಳವಲ್ಲ. ದಾರದ ಸುರುಳಿಗೆ ಪೆನ್ಸಿಲು ತೂರಿಸಿ ನನ್ನ ಕೈಗೆ ಕೊಟ್ಟಳು. ಸುರುಳಿ ಪೆನ್ಸಿಲಿನ ಮೇಲೆ ಉರುಳಬೇಕು, ಆದರೆ ಸಲೀಸಾಗಿ ಉರುಳಬಾರದು. ಎರಡೂ ಹೆಬ್ಬೆರಳಿನಿಂದ ಸುರುಳಿಯ ಅಂಚನ್ನು ಒತ್ತಿ ಹಿಡಿಯಬೇಕು. ನಡುವೆ ಮೊಮ್ಮಗನ ಎಡಗೈಯಲ್ಲಿ ಒದ್ದೆ ಬಟ್ಟೆಯ ಚೂರು. ದಾರ ಅದರೊಳಗೆ ಹಾದು ಬರಬೇಕು. ಒದ್ದೆ ಏಕೆಂದರೆ ಒಣ ಬಟ್ಟೆಯಾದರೆ ತಿಕ್ಕಿ ಬಿಸಿಯೇರುತ್ತದೆ, ಬೆರಳನ್ನೂ ಕೊಯ್ಯುತ್ತದೆ. ಹೀಗೆ ಮೊದಲ ಸುತ್ತಿನಿಂದ ಕೊನೆಯ ಸುತ್ತಿನವರೆಗೆ ಬಿಗಿ ಒಂದೇ ಸಮನಾಗಿರಬೇಕು. ‘ಮೊದಲು ಸಡಿಲ ಸುತ್ತಿ ಆಮೇಲೆ ಬಿಗಿ ಮಾಡ್ತೇನೆ ಅಂದ್ರೆ ಕಂಡಿಕೆ ಒಳಗೇ ಕುಸಿತದೆ. ಲಾಳಿ ಹೋಗುವಾಗ ನೂಲು ಕಡೀತದೆ’ ಎಂದಳು. ಹಿಂದಿನ ದಿನದ ಹಕ್ಕಿಯ ಗೂಡಿನ ಕಾರಣ ನಮಗೆ ಆಗ ತಿಳಿಯಿತು.

ಜಾರುವುದಕ್ಕೆ ಮದ್ದು ಮಾತ್ರ ಆಕೆಗೂ ಗೊತ್ತಿರಲಿಲ್ಲ. ಹತ್ತಿಯ ನೂಲು ಜಾರುವುದಿಲ್ಲವಲ್ಲ. ಅದು ದಾರದ ಜಾತಿಗುಣ. ನೀರು ತುಂಬಿಡುವ ಪ್ಲಾಸ್ಟಿಕ್ ಕೊಡವಿದೆಯಲ್ಲ, ಅದು ಪಾಲಿಎಥಿಲೀನಿನದು. ಈ ದಾರವೂ ಅದೇ ಕುಲದ್ದು. ಆದರೆ ಇದರ ಅಣುಗಳ ಸರಪಳಿ ಬಹಳ ಉದ್ದ. ಅದನ್ನು ಕರಗಿಸಿ, ಅಂಟಿನಂತೆ ಮಾಡಿ, ಎಳೆ ತೆಗೆದು ಹತ್ತಾರು ಪಟ್ಟು ಜಗ್ಗಿದರೆ ಸರಪಳಿಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ಮಲಗುತ್ತವೆ. ಈ ವಿದ್ಯೆಯನ್ನು 1970ರ ದಶಕದ ಕೊನೆಗೆ ಹಾಲೆಂಡಿನಲ್ಲಿ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ ಸಾಧಿಸಿದರು. ಗಾಳಗಾರರ ಕೈಗೆ ಅದು ಬಂದದ್ದು 1990ರ ಈಚೆಗೆ. ಅಷ್ಟೇ ತೂಕದ ಉಕ್ಕಿಗಿಂತ ಇದು ಹಲವು ಪಟ್ಟು ಗಟ್ಟಿ. ನೀರನ್ನು ಹೀರುವುದಿಲ್ಲ, ನೀರಿನಲ್ಲಿ ತೇಲುತ್ತದೆ, ಕೊಳೆಯುವುದಿಲ್ಲ. ಇಪ್ಪತ್ತು ಪೌಂಡು ತಾಳುವ ಈ ದಾರ ಆರೆಂಟು ಪೌಂಡಿನ ತಂಗೂಸಿಯಷ್ಟೇ ಸಣ್ಣ. ತಂಗೂಸಿ ರಬ್ಬರಿನಂತೆ ತುಸು ಹಿಗ್ಗುತ್ತದೆ. ಇದಕ್ಕೆ ಹಿಗ್ಗೇ ಇಲ್ಲವೆನ್ನಬಹುದು. ಮೀನು ಅಷ್ಟು ದೂರದಲ್ಲಿ ಮೂತಿ ಮುಟ್ಟಿಸಿದರೆ ಇಲ್ಲಿ ಬೆರಳಿಗೆ ತಿಳಿಯುತ್ತದೆ. ಆದರೆ ಮೈ ಮೇಣದಂತೆ ನುಣುಪು. ಲೋಹದ ಉರುಳೆಯನ್ನು ಅಪ್ಪಿ ಹಿಡಿಯುವ ಗುಣ ಅದಕ್ಕಿಲ್ಲ. ತಂಗೂಸಿಯಾದರೋ ಹಿಗ್ಗಿ ಕುಗ್ಗಿ ಉರುಳೆಯನ್ನು ಕಚ್ಚಿ ಹಿಡಿಯುತ್ತದೆ. ಆದ್ದರಿಂದ ಬಲ್ಲವರು ಮೊದಲು ಹತ್ತಿಪ್ಪತ್ತು ಸುತ್ತು ತಂಗೂಸಿ ಸುತ್ತಿ, ಅದರ ತುದಿಗೆ ಹೆಣೆದ ದಾರವನ್ನು ಗಂಟು ಹಾಕುತ್ತಾರೆ. ಅಡಿಪಾಯ ತಂಗೂಸಿಯದು, ಮೇಲುಮನೆ ಹೆಣೆದ ದಾರದ್ದು. ಇದನ್ನು ಮೊಮ್ಮಗ ಮೊಬೈಲಿನಲ್ಲಿ ಹುಡುಕಿ ಕಂಡುಕೊಂಡ. ಗಂಟನ್ನು ಬಿಗಿಯುವ ಮೊದಲು ಎಂಜಲಿನಿಂದ ಒದ್ದೆ ಮಾಡಬೇಕೆಂದೂ ಅಲ್ಲಿಯೇ ಇತ್ತಂತೆ. ಅದನ್ನು ಅಪ್ಪಯ್ಯನೂ ಮಾಡುತ್ತಿದ್ದ.

ಸಾಗರದ ಪೇಟೆಯಲ್ಲಿ ತಂಗೂಸಿ ತಂದು ಮೂರನೆಯ ದಿನ ಸುತ್ತಿದೆವು. ನಾನು ಪೆನ್ಸಿಲು ಹಿಡಿದು ಕುರ್ಚಿಯಲ್ಲಿ, ಅವನು ಎದುರಿಗೆ ಮೆಟ್ಟಿಲ ಮೇಲೆ. ನೀಲಿ ಹೋಯಿತು, ಹಳದಿ ಹೋಯಿತು, ಹಸಿರು ಹೋಯಿತು. ಇಷ್ಟು ಹೊತ್ತು ನಾವಿಬ್ಬರೂ ಮಾತಿಲ್ಲದೆ ಒಬ್ಬರ ಎದುರಿಗೆ ಒಬ್ಬರು ಕುಳಿತದ್ದು ಅವನು ಶಾಲೆಗೆ ಸೇರಿದ ಮೇಲೆ ಅದೇ ಮೊದಲಿರಬೇಕು. ನನ್ನ ಹೆಬ್ಬೆರಳು ಸೋತು ಸಡಿಲವಾದಾಗಲೆಲ್ಲ ಅವನಿಗೆ ಅದು ತಿಳಿಯುತ್ತಿತ್ತು, ತಲೆಯೆತ್ತಿ ನೋಡುತ್ತಿದ್ದ. ಉರುಳೆಯ ಅಂಚಿಗೆ ಎರಡು ಮಿಲಿಮೀಟರು ಉಳಿಯುವಂತೆ ನಿಲ್ಲಿಸಬೇಕು. ಅದಕ್ಕಿಂತ ತುಂಬಿದರೆ ಎಸೆಯುವಾಗ ಸುತ್ತುಗಳು ಗುಂಪಾಗಿ ಕಳಚಿ ಬೀಳುತ್ತವೆ. ಕಡಿಮೆಯಾದರೆ ಅಂಚಿಗೆ ತಿಕ್ಕಿ ದಾರ ದೂರ ಹೋಗುವುದಿಲ್ಲ. ಸರಿಯಾಗಿ ನಿಂತಿತು. ತೆಂಗಿನ ಮರಕ್ಕೆ ಕಟ್ಟಿ ಎಳೆದರೆ ಮರವೇ ಬರಬೇಕು, ದಾರ ಜಾರದು.

ಮರುದಿನ ಹೊಳೆಬಾಗಿಲಿಗೆ ಹೋದೆವು. ಸಿಗಂದೂರಿನ ಸೇತುವೆ ಜನಸಂಚಾರಕ್ಕೆ ತೆರೆದದ್ದು ಆ ವರ್ಷದ ಜುಲೈಯಲ್ಲಿ. ನಾವು ಹೋದಾಗ ಕಂಬಗಳ ಮೇಲೆ ಅದು ಸಿದ್ಧವಾಗಿ ನಿಂತಿತ್ತು, ಜನರನ್ನೂ ಬಸ್ಸುಗಳನ್ನೂ ಲಾಂಚೇ ದಾಟಿಸುತ್ತಿತ್ತು. ಪರಿಚಯದ ಮೀನುಗಾರರೊಬ್ಬರು ತಮ್ಮ ದೋಣಿಯಲ್ಲಿ ಕರೆದುಕೊಂಡು ಹೋದರು. ನೀರು ಇಳಿದು ಬೋಳು ಕೆಮ್ಮಣ್ಣಿನ ದಂಡೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ಅಲ್ಲಲ್ಲಿ ಅರವತ್ತು ವರ್ಷ ನೀರಿನಲ್ಲಿ ನಿಂತ ಮರದ ಕೊರಡುಗಳು ತಲೆಯೆತ್ತಿದ್ದವು. ಅಂಥದೊಂದು ಕೊರಡಿನಿಂದ ನೀರುಕಾಗೆಯೊಂದು ತಲೆಕೆಳಗಾಗಿ ಜೋತುಬಿದ್ದಿತ್ತು. ಸತ್ತು ಬಹಳ ದಿನವಾಗಿತ್ತು. ಹತ್ತಿರ ಹೋದಾಗ ರೆಕ್ಕೆಗೂ ಕೊರಡಿಗೂ ಸುತ್ತಿಕೊಂಡ ಹಸಿರು ದಾರ ಕಂಡಿತು. ಯಾರೋ ಕತ್ತರಿಸಿ ಬಿಟ್ಟದ್ದು. ಹಕ್ಕಿ ಒಣಗಿತ್ತು, ದಾರ ಮಾತ್ರ ಅಂಗಡಿಯಿಂದ ತಂದಂತೆ ಹೊಳೆಯುತ್ತಿತ್ತು. ಮೊಮ್ಮಗ ಚಾಕು ತೆಗೆದು ಅದನ್ನು ಬಿಡಿಸಿ, ದಾರವನ್ನು ಸುತ್ತಿ ಜೇಬಿಗೆ ಹಾಕಿಕೊಂಡ.

ಎದುರಿನ ಗುಡ್ಡದ ನೆತ್ತಿಯನ್ನೂ ಇನ್ನೊಂದು ಕಡೆಯ ಕಣಿವೆಯ ಬಾಯಿಯನ್ನೂ ಗುರುತು ಹಿಡಿದು ನಾನು ದೋಣಿಯವರಿಗೆ ಒಂದು ಜಾಗ ತೋರಿಸಿದೆ. ಅದು ನಮ್ಮ ಅಂಗಳದ ನೆತ್ತಿಯೇ ಎಂದು ಆಣೆಯಿಟ್ಟು ಹೇಳಲಾರೆ. ನೀರಿನ ಮೇಲೆ ಹತ್ತು ಮಾರು ಆಚೆಗಾದರೇನು, ಈಚೆಗಾದರೇನು? ಆಗ ಮೊಮ್ಮಗನಿಗೆ ಎಲ್ಲವನ್ನೂ ಹೇಳಿದೆ. ಅಪ್ಪಯ್ಯ ಹೇಳಿದ ಮಾತನ್ನೂ ಹೇಳಿದೆ. ಅವನು ಗಾಳವನ್ನು ಬಿಚ್ಚಿ ಡಬ್ಬಿಗೆ ಹಾಕಿದ. ‘ಗಾಳ ಬೇಡ ಅಜ್ಜ. ಎಷ್ಟು ಆಳ ಇದೆ ನೋಡಬಹುದಲ್ಲ?’ ಎಂದು ದಾರಕ್ಕೆ ಬರಿಯ ಸೀಸದ ಗುಂಡು ಕಟ್ಟಿ ಇಳಿಬಿಟ್ಟ.

ಒಂದು ಬಣ್ಣ ಮುಳುಗಿತು. ಎರಡನೆಯದರಲ್ಲಿ ಅರ್ಧ ಮುಳುಗಿ ದಾರ ಸಡಿಲವಾಯಿತು. ಹದಿನೈದು ಮೀಟರು. ಕಡುಬೇಸಿಗೆಯಲ್ಲಿ ಇಷ್ಟು. ಮಳೆಗಾಲದಲ್ಲಿ ಇನ್ನೆಷ್ಟು ಬಣ್ಣವೋ.

ಗುಂಡನ್ನು ಮೇಲೆತ್ತಲು ಹೋದರೆ ಅದು ಬರಲಿಲ್ಲ. ಕೆಳಗೆ ಏನನ್ನೋ ಹಿಡಿದುಕೊಂಡಿತ್ತು. ಹುಡುಗ ಅವಸರಕ್ಕೆ ದಾರವನ್ನು ಅಂಗೈಗೆ ಸುತ್ತಿ ಎಳೆದ. ಒಂದೇ ಎಳೆತಕ್ಕೆ ಚರ್ಮ ಸೀಳಿ ರಕ್ತ ಬಂತು. ದೋಣಿಯವರು ಗದರಿ, ದಾರವನ್ನು ಮರದ ತುಂಡಿಗೆ ಸುತ್ತಿ, ದೋಣಿಯನ್ನು ಒಂದು ಸುತ್ತು ಹಾಕಿ ನಾಲ್ಕೂ ಕಡೆಯಿಂದ ಎಳೆದು ನೋಡಿದರು. ದೋಣಿಯೇ ವಾಲಿತೇ ಹೊರತು ದಾರ ಕಡಿಯಲಿಲ್ಲ, ಗುಂಡೂ ಬರಲಿಲ್ಲ. ಅವರು ರೀಲನ್ನು ನೋಡಿ, ‘ಸುತ್ತಿದ್ದು ಚಲೋ ಆಗಿದೆ. ಆದ್ರೆ ತುದಿಗೆ ಒಂದು ಮೊಳ ತಂಗೂಸಿ ಕಟ್ಟಬೇಕಿತ್ತು ತಮ್ಮ. ಕಡಿಯೂದಾದ್ರೆ ಅಲ್ಲೇ ಕಡೀಲಿ ಅಂತ’ ಎಂದರು.

ಕೊನೆಯ ಒಂದು ಮೊಳ ಒಂಟಿ ಎಳೆ. ಅರವತ್ತೈದು ವರ್ಷದ ಹಿಂದೆ ‘ಅದು ಹಂಗೇ’ ಎಂದು ಅಪ್ಪಯ್ಯ ಹೇಳಿ ಮುಗಿಸಿದ್ದ ಉತ್ತರದ ಉಳಿದ ಭಾಗ ನನಗೆ ಸಿಕ್ಕಿದ್ದು ಹೀಗೆ. ಕೊರಡಿಗೆ ಸಿಕ್ಕಿಕೊಂಡರೆ ಗಾಳವೊಂದು ಹೋಗಲಿ, ದಾರ ಉಳಿಯಲಿ ಎಂದು ಅವನು ಯೋ‌ಚಿಸಿದ್ದಿರಬೇಕು. ಹೊಳೆಯಲ್ಲಿ ದಾರ ಬಿಟ್ಟುಬರುವ ಚಿಂತೆ ಅವನಿಗಿರಲಿಲ್ಲ. ಅವನ ಹತ್ತಿಯ ದಾರ ನಾಲ್ಕು ತಿಂಗಳಿಗೆ ಮಣ್ಣಾಗುತ್ತಿತ್ತು. ನಮ್ಮದು ಹಾಗಲ್ಲ. ಅಲ್ಲಿ ಬಿಟ್ಟರೆ ಇರುತ್ತದೆ. ಮೊಮ್ಮಗ ಚಾಕುವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತ. ಜೇಬಿನಲ್ಲಿದ್ದ ಹಸಿರು ದಾರ ಅವನಿಗೆ ನೆನಪಾಗುತ್ತಿತ್ತೆಂದು ಬೇರೆ ಹೇಳಬೇಕಿಲ್ಲ. ಮುಳುಗಿ ಬಿಡಿಸಿಕೊಂಡು ಬರುತ್ತೇನೆಂದ. ಹದಿನೈದು ಮೀಟರು ಆಳ, ಕೆಳಗೆ ಕೊರಡು, ಕತ್ತಲೆ. ನಾನೂ ದೋಣಿಯವರೂ ಒಟ್ಟಿಗೇ ಬೇಡವೆಂದೆವು. ಕೊನೆಗೆ ದೋಣಿಯನ್ನು ಗುಂಡಿನ ನೇರಕ್ಕೆ ತಂದು, ದಾರವನ್ನು ಆದಷ್ಟೂ ಬಿಗಿಯಾಗಿ ಎಳೆದು, ಕೈಯನ್ನು ಮೊಣಕೈಯವರೆಗೆ ನೀರಿನಲ್ಲಿ ಮುಳುಗಿಸಿ ಅಲ್ಲಿ ಕತ್ತರಿಸಿದ. ಸ್ವಲ್ಪವಾದರೂ ಕಡಿಮೆ ಬಿಡಬೇಕೆಂದು. ಒಂದೂವರೆ ಬಣ್ಣ ಅಲ್ಲಿಯೇ ಉಳಿಯಿತು.

ಮನೆಗೆ ಬಂದ ಮೇಲೆ ಅವನ ಅಂಗೈಗೆ ಅರಿಸಿನ ಹಚ್ಚಿ ಪಟ್ಟಿ ಕಟ್ಟಿದರು. ಸಂಜೆ ಅವನು ರೀಲನ್ನು ತಂದು ನನ್ನ ಮುಂದೆ ಕುಳಿತ. ದಾರ ಕಡಿಮೆಯಾಗಿ ಉರುಳೆಯ ಅಂಚಿನವರೆಗೆ ಬರುತ್ತಿರಲಿಲ್ಲ. ಎಲ್ಲವನ್ನೂ ಬಿಚ್ಚಿ, ಕೆಳಗೆ ಇನ್ನಷ್ಟು ತಂಗೂಸಿ ಸುತ್ತಿ, ಅದರ ಮೇಲೆ ಮತ್ತೆ ಈ ದಾರವನ್ನು ಸುತ್ತಬೇಕು. ಹೇಗೂ ಬಿಚ್ಚುವುದರಿಂದ ತಲೆ ಬುಡ ಅದಲು ಬದಲು ಮಾಡಿದರೆ, ಇಷ್ಟು ದಿನ ಅಡಿಯಲ್ಲಿದ್ದ ಹೊಸ ಭಾಗ ಮೇಲೆ ಬರುತ್ತದೆ. ತುದಿಗೆ ಕಟ್ಟಲು ಒಂದು ಮೊಳ ಸಣ್ಣ ತಂಗೂಸಿಯನ್ನೂ ಅಳೆದು ಇಟ್ಟುಕೊಂಡಿದ್ದ. ಗಾಯದ ಕೈಯಲ್ಲಿ ಒದ್ದೆ ಬಟ್ಟೆ ಹಿಡಿಯಲಾಗದೆಂದು ಈ ಸಲ ಹಿಡಿ ತಿರುಗಿಸುವುದಷ್ಟೇ ಅವನ ಪಾಲಿಗೆ ಬಂತು. ಬಟ್ಟೆಯೂ ಪೆನ್ಸಿಲೂ ನನ್ನ ಪಾಲಿಗೆ.

‘ಮುಂದಿನ ವರ್ಷ ಬಂದಾಗ ಗಾಳ ಹಾಕಬಹುದಾ ಅಜ್ಜ?’ ಎಂದು ಕೇಳಿದ.

ಹಾಕಬಹುದೆಂದೂ ಬೇಡವೆಂದೂ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಹಿಡಿ ತಿರುಗಿಸುವುದನ್ನು ನಿಲ್ಲಿಸಿ ತಲೆಯೆತ್ತಿದ.

‘ಅಜ್ಜ, ಬಿಗಿ ಸಾಲ್ದು.’